ಅಡಗಿರುವ ವೈರಾಣುವೂ ಶರೀರದ ಕಾವಲೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೂ ಮಕ್ಕಳ ತಂದೆತಾಯಿಗಳಿಗೂ ಈ ಸ್ಮರಣಸಂಚಿಕೆಯ ಮೂಲಕ ಒಂದು ಆರೋಗ್ಯಪಾಠವನ್ನು ಹೇಳಬೇಕೆಂದು ನಾವು ಇಚ್ಛಿಸುತ್ತೇವೆ. ಈ ಪಾಠಕ್ಕೆ ಪ್ರೇರಣೆಯು ಪುಸ್ತಕದಿಂದ ಬಂದದ್ದಲ್ಲ. ಹರಿಹರದ ಮಗ್ಗುಲಲ್ಲಿ ತುಂಗಭದ್ರೆಯ ದಡದಲ್ಲಿರುವ ಗುತ್ತೂರಿನ ಒಂದು ಮನೆಯಿಂದ ಬಂದದ್ದು.

ಆ ಮನೆಯ ಗೃಹಿಣಿಯು ನಮ್ಮಲ್ಲಿ ಓದಿದವಳು. ಆಕೆಯ ಅತ್ತೆಯವರಿಗೆ ಎಪ್ಪತ್ತು ದಾಟಿದ ವಯಸ್ಸು. ಒಂದು ದಿನ ಅವರ ಬಲಪಕ್ಕೆಯಲ್ಲಿ ಉರಿ ಕಾಣಿಸಿಕೊಂಡಿತು. ಎರಡು ದಿನಗಳಲ್ಲಿ ಬೆನ್ನಿನಿಂದ ಎದೆಯ ಕೆಳಗಿನವರೆಗೆ ನೀರುಗುಳ್ಳೆಗಳು ಸಾಲುಗಟ್ಟಿ ಎದ್ದವು. ನೆರೆಯವರು ನೋಡಿ ಇದು ಸರ್ಪಸುತ್ತು ಎಂದರು. ಜಾಜು ಅರೆದು ಹಚ್ಚಿಸಿದರು. ಐದು ದಿನಗಳು ಹೀಗೆಯೇ ಕಳೆದವು. ಆಮೇಲೆ ದಾವಣಗೆರೆಗೆ ಕರೆದೊಯ್ದರು. ಗುಳ್ಳೆಗಳು ಮೂರು ವಾರಗಳಲ್ಲಿ ಒಣಗಿದವು; ಉರಿ ಮಾತ್ರ ಹೋಗಲಿಲ್ಲ. ಇಷ್ಟರಲ್ಲಿ, ಅಜ್ಜಿಯ ಮಗ್ಗುಲಲ್ಲೇ ಮಲಗುತ್ತಿದ್ದ ಒಂದು ವರ್ಷದ ಮೊಮ್ಮಗನಿಗೆ ಹದಿನೈದನೆಯ ದಿನ ಜ್ವರ ಬಂದು ಮೈತುಂಬ ಸೀತಾಳೆ ಸಿಡುಬು ಎದ್ದಿತು. ಆ ಕೇರಿಯಲ್ಲಿ ಆಗ ಯಾವ ಮನೆಯಲ್ಲೂ ಅಮ್ಮ ಬಂದಿರಲಿಲ್ಲ.

ಮಗು ಗುಣವಾದ ಮೇಲೆ ಆ ತಾಯಿಯು ನಮ್ಮನ್ನು ಕಾಣಲು ಬಂದಳು. “ಟೀಚರ್, ಅತ್ತೆಗೆ ಬಂದದ್ದು ಒಂದು ಕಾಯಿಲೆ, ಮಗುವಿಗೆ ಬಂದದ್ದು ಇನ್ನೊಂದು. ಇದು ಎಲ್ಲಿಂದ ಬಂತು? ನಾನು ಎಲ್ಲಿ ತಪ್ಪಿದೆ?” ಎಂದು ಕೇಳಿದಳು. ಇದೇ ಪ್ರಶ್ನೆಯು ಅನೇಕ ಮನೆಗಳಲ್ಲಿ ಇರಬಹುದಾದ್ದರಿಂದ ಉತ್ತರವನ್ನು ಎಲ್ಲರ ಮುಂದೆ ಇಡುತ್ತಿದ್ದೇವೆ.

ಮೊದಲನೆಯದಾಗಿ, ಇವು ಎರಡು ಕಾಯಿಲೆಗಳಲ್ಲ. ಒಂದೇ ವೈರಾಣುವಿನ ಎರಡು ರೂಪಗಳು. ಈ ಸಂಬಂಧವನ್ನು ಬಹಳ ಹಿಂದೆ, ೧೮೮೮ರಲ್ಲಿ, ಹಂಗೆರಿ ದೇಶದ ಫಾನ್ ಬೋಕೈ ಎಂಬ ಮಕ್ಕಳ ವೈದ್ಯರು ಗುರುತಿಸಿದರು. ಸರ್ಪಸುತ್ತು ಆದವರ ಹತ್ತಿರವಿದ್ದ ಮಕ್ಕಳಿಗೆ ಸೀತಾಳೆ ಸಿಡುಬು ಬರುವುದನ್ನು ಅವರು ಕಂಡರು. ಗುತ್ತೂರಿನ ಆ ತಾಯಿ ಕಂಡದ್ದೂ ಇದನ್ನೇ. ೧೯೫೪ರಲ್ಲಿ ಥಾಮಸ್ ವೆಲ್ಲರ್ ಎಂಬ ಅಮೆರಿಕದ ವಿಜ್ಞಾನಿಯು ಎರಡೂ ಕಾಯಿಲೆಗಳ ಗುಳ್ಳೆಯ ನೀರಿನಿಂದ ವೈರಾಣುವನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ಬೇರ್ಪಡಿಸಿದನು. ಎರಡರಲ್ಲಿಯೂ ಸಿಕ್ಕಿದ್ದು ಒಂದೇ.

ಹಾಗಾದರೆ ಅಜ್ಜಿಗೆ ಅದು ಎಲ್ಲಿಂದ ಬಂತು? ಹೊರಗಿನಿಂದ ಬರಲಿಲ್ಲ. ಅವರು ಲಂಗ ಉಡುವ ಹುಡುಗಿಯಾಗಿದ್ದಾಗ ಅವರಿಗೆ ಅಮ್ಮ ಬಂದು ಹೋಗಿತ್ತು. ಹೋಯಿತೆಂದು ನಾವು ಹೇಳುತ್ತೇವೆಯೇ ಹೊರತು ನಿಜವಾಗಿ ಅದು ಹೋಗುವುದಿಲ್ಲ. ಚರ್ಮದ ಗುಳ್ಳೆಗಳು ಒಣಗುವ ಹೊತ್ತಿಗೆ ವೈರಾಣುವು ನರಗಳನ್ನು ಸೇರಿ, ಬೆನ್ನುಹುರಿಯ ಇಕ್ಕೆಲಗಳಲ್ಲಿಯೂ ಮುಖದ ನರದ ಬುಡದಲ್ಲಿಯೂ ಇರುವ ನರಗಂಟುಗಳಲ್ಲಿ ಅಡಗುತ್ತದೆ. ಅಲ್ಲಿ ಅದು ವೃದ್ಧಿಯಾಗುವುದಿಲ್ಲ, ನೋವು ಕೊಡುವುದಿಲ್ಲ. ಹಿಂದಿನ ಕಾಲದ ಗೃಹಿಣಿಯರು ರಾತ್ರಿ ಒಲೆಯ ಕೆಂಡವನ್ನು ಬೂದಿಯಿಂದ ಮುಚ್ಚಿಟ್ಟು ಬೆಳಿಗ್ಗೆ ಊದಿ ಉರಿ ಮಾಡುತ್ತಿದ್ದುದನ್ನು ನಮ್ಮ ಹಿರಿಯ ವಾಚಕರು ಬಲ್ಲರು. ಅಡಗಿದ ವೈರಾಣುವು ಅಂತಹ ಬೂದಿ ಮುಚ್ಚಿದ ಕೆಂಡ. ಅದು ಐವತ್ತು, ಅರುವತ್ತು ವರ್ಷ ಹಾಗೆಯೇ ಇರಬಲ್ಲದು.

ಈ ತತ್ತ್ವವನ್ನು ಸ್ಪಷ್ಟವಾಗಿ ಹೇಳಿದವರು ಇಂಗ್ಲೆಂಡಿನ ಸೈರೆನ್‌ಸೆಸ್ಟರ್ ಎಂಬ ಚಿಕ್ಕ ಪಟ್ಟಣದ ವೈದ್ಯ ಎಡ್ಗರ್ ಹೋಪ್-ಸಿಂಪ್ಸನ್. ಅವರು ತಮ್ಮ ಚಿಕಿತ್ಸೆಯಲ್ಲಿದ್ದ ಸುಮಾರು ೩,೫೦೦ ಜನರನ್ನು ೧೬ ವರ್ಷಗಳ ಕಾಲ ತಾಳ್ಮೆಯಿಂದ ಗಮನಿಸಿ, ೧೯೨ ಸರ್ಪಸುತ್ತುಗಳನ್ನು ಬರೆದಿಟ್ಟುಕೊಂಡು, ೧೯೬೫ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ವಯಸ್ಸು ಏರಿದಂತೆ ಕಾಯಿಲೆಯೂ ಏರುತ್ತದೆ. ೮೫ ವರ್ಷ ಬದುಕುವವರಲ್ಲಿ ಅರ್ಧ ಜನರಿಗಾದರೂ ಒಮ್ಮೆ ಇದು ಬಂದಿರುತ್ತದೆ. ಇದಕ್ಕೆ ಕಾರಣ ಹೊರಗಿನ ಸೋಂಕಲ್ಲ, ಒಳಗಿನ ಕಾವಲು ಸಡಿಲವಾಗುವುದೇ ಎಂದು ಅವರು ತರ್ಕಿಸಿದರು. ದೊಡ್ಡ ಪ್ರಯೋಗಶಾಲೆಯಿಲ್ಲದೆ, ಊರಿನ ವೈದ್ಯನೊಬ್ಬನು ದಿನಚರಿಯ ಬಲದಿಂದಲೇ ಕಂಡ ಈ ಸತ್ಯವು ನಮ್ಮ ವಿದ್ಯಾರ್ಥಿನಿಯರಿಗೆ ಮೇಲ್ಪಂಕ್ತಿಯಾಗಿದೆ.

ಆ ಕಾವಲು ಯಾವುದು? ನಮ್ಮ ರಕ್ತದಲ್ಲಿ ಎರಡು ಬಗೆಯ ರಕ್ಷಣೆಗಳುಂಟು. ಒಂದು, ಪ್ರತಿಕಾಯಗಳು, ಇವು ಹೊರಗಿನಿಂದ ಬರುವ ವೈರಾಣುವನ್ನು ಹಿಡಿಯುತ್ತವೆ. ಇನ್ನೊಂದು, ಟಿ ಕಣಗಳೆಂಬ ಬಿಳಿಯ ರಕ್ತಕಣಗಳು; ಇವು ಒಳಗೆ ಅಡಗಿರುವುದು ತಲೆಯೆತ್ತಿದಾಗಲೆಲ್ಲ ಅದನ್ನು ಅಲ್ಲಿಯೇ ತಡೆಯುತ್ತವೆ. ಮುಪ್ಪಿನಲ್ಲಿ ಪ್ರತಿಕಾಯಗಳು ಬಹುಮಟ್ಟಿಗೆ ಉಳಿದಿರುತ್ತವೆ. ಆದಕಾರಣ ಸೀತಾಳೆ ಸಿಡುಬು ಎರಡನೆಯ ಸಲ ಬರುವುದು ಅಪರೂಪ. ಆದರೆ ಟಿ ಕಣಗಳ ಕಾವಲು ಕ್ಷೀಣಿಸುತ್ತದೆ. ಆಗ ವೈರಾಣುವು ಒಂದು ನರಗಂಟಿನಿಂದ ಹೊರಟು, ಆ ನರದ ದಾರಿಯಲ್ಲಿಯೇ ಇಳಿದು ಚರ್ಮವನ್ನು ಮುಟ್ಟುತ್ತದೆ. ಒಂದು ನರವು ದೇಹದ ಒಂದು ಪಕ್ಕದ ಒಂದು ಪಟ್ಟಿಗೆ ಮಾತ್ರ ಸಂಬಂಧಿಸಿರುವುದರಿಂದ ಗುಳ್ಳೆಗಳೂ ಒಂದು ಪಕ್ಕದಲ್ಲಿ, ಹಾವು ಸುತ್ತಿದಂತೆ, ಪಟ್ಟಿಯಾಗಿ ಏಳುತ್ತವೆ. ನಮ್ಮ ಪೂರ್ವಿಕರು ಈ ಆಕಾರವನ್ನು ಸರಿಯಾಗಿ ಕಂಡೇ ಈ ಹೆಸರಿಟ್ಟರು. ಆದರೆ ಹಾವಿನ ತಲೆಯೂ ಬಾಲವೂ ಕೂಡಿದರೆ ಪ್ರಾಣ ಹೋಗುತ್ತದೆಂಬ ಭಯಕ್ಕೆ ಆಧಾರವಿಲ್ಲ. ಇದು ಸರ್ಪದ ಶಾಪವೂ ಅಲ್ಲ, ರೋಗಿಯ ಅಪರಾಧವೂ ಅಲ್ಲ.

ಮುಪ್ಪೊಂದೇ ಕಾರಣವೆಂದು ತಿಳಿಯಬಾರದು. ಸಕ್ಕರೆ ಕಾಯಿಲೆ, ದೀರ್ಘಕಾಲ ಸ್ಟೀರಾಯ್ಡ್ ಔಷಧಸೇವನೆ, ಅರ್ಬುದರೋಗ ಮತ್ತು ಅದರ ಚಿಕಿತ್ಸೆ, ಎಚ್‌ಐವಿ ಸೋಂಕು, ಇವುಗಳಿಂದಲೂ ಕಾವಲು ಕುಗ್ಗುತ್ತದೆ. ಎಳೆಯ ವಯಸ್ಸಿನವರಿಗೆ ಸರ್ಪಸುತ್ತು ಬಂದಾಗ ವೈದ್ಯರು ರಕ್ತಪರೀಕ್ಷೆಯನ್ನು ಸೂಚಿಸುವುದು ಈ ಕಾರಣದಿಂದಲೇ. ಅದನ್ನು ಅವಮಾನವೆಂದು ಎಣಿಸದೆ ಮಾಡಿಸಿಕೊಳ್ಳುವುದು ವಿವೇಕ.

ಇಲ್ಲಿ ಒಂದು ಹೋಲಿಕೆಯನ್ನು ಹೇಳುವುದು ಉಚಿತ. ನಮ್ಮ ಜನರು ಮೈಲಿಬೇನೆಯೆಂದು ಕರೆಯುತ್ತಿದ್ದ ದೊಡ್ಡ ಸಿಡುಬನ್ನೂ ಅಮ್ಮನೆಂದೇ ಹೇಳುತ್ತಿದ್ದರು. ಅದರ ವಿರುದ್ಧ ಲಸಿಕೆಯು ಮೈಸೂರು ಸೀಮೆಗೆ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿಯೇ ಬಂದಿತು. ೧೮೦೫ರ ಸುಮಾರಿಗೆ ಥಾಮಸ್ ಹಿಕಿ ಬರೆದ ಒಂದು ವರ್ಣಚಿತ್ರದಲ್ಲಿರುವ ಮೂವರು ಸ್ತ್ರೀಯರು ಮೈಸೂರಿನ ರಾಜಮನೆತನದವರೆಂದೂ, ಲಸಿಕೆಯಲ್ಲಿ ಪ್ರಜೆಗಳಿಗೆ ನಂಬಿಕೆ ಹುಟ್ಟಿಸಲು ಅದನ್ನು ಬರೆಯಿಸಿದರೆಂದೂ ಇತಿಹಾಸಕಾರರು ಊಹಿಸುತ್ತಾರೆ. ಕೊನೆಗೆ ೧೯೭೭ರಲ್ಲಿ ಭಾರತವೂ ೧೯೮೦ರಲ್ಲಿ ಲೋಕವೆಲ್ಲವೂ ಆ ಪೀಡೆಯಿಂದ ಮುಕ್ತವಾದವೆಂದು ಸಾರಲ್ಪಟ್ಟಿತು. ಅದು ಸಾಧ್ಯವಾದದ್ದಕ್ಕೆ ಒಂದು ಮುಖ್ಯ ಕಾರಣವೇನೆಂದರೆ, ದೊಡ್ಡ ಸಿಡುಬಿನ ವೈರಾಣುವು ಗುಣವಾದವರ ದೇಹದಲ್ಲಿ ಅಡಗಿ ಕೂರುತ್ತಿರಲಿಲ್ಲ. ಸೀತಾಳೆ ಸಿಡುಬಿನದು ಹಾಗಲ್ಲ. ಊರಿನಲ್ಲಿ ಒಬ್ಬರಿಗೂ ಕಾಯಿಲೆಯಿಲ್ಲದ ವರ್ಷದಲ್ಲಿಯೂ ಅದು ಅಜ್ಜಿಯರ ನರಗಳಲ್ಲಿ ಉಳಿದಿದ್ದು, ಒಂದು ದಿನ ಹೊರಬಿದ್ದು, ಮೊಮ್ಮಕ್ಕಳನ್ನು ಸೇರಿ, ಮತ್ತೆ ಹೊಸ ಪೀಳಿಗೆಯನ್ನು ಹಿಡಿಯುತ್ತದೆ. ಗುತ್ತೂರಿನ ಮಗುವಿಗೆ ಬಂದ ದಾರಿ ಇದೇ. ಗುಳ್ಳೆಯ ನೀರು ತಾಗಿದ ೧೦ರಿಂದ ೨೧ ದಿನಗಳೊಳಗೆ ಕಾಯಿಲೆ ಕಾಣಿಸಿಕೊಳ್ಳುವುದು ವಾಡಿಕೆ. ಹದಿನೈದನೆಯ ದಿನವು ಲೆಕ್ಕಕ್ಕೆ ಸರಿಹೊಂದುತ್ತದೆ.

ಹೀಗೆ ಅಡಗಿರುವ ವೈರಾಣು ಇದೊಂದೇ ಅಲ್ಲ. ತುಟಿಯ ಮೇಲೆ ಆಗಾಗ ಏಳುವ ಜ್ವರದ ಗುಳ್ಳೆಯದೂ ಇದೇ ಕುಲ. ಸೈಟೊಮೆಗಾಲೊ ಎಂಬ ಇನ್ನೊಂದು ವೈರಾಣು ನಮ್ಮ ದೇಶದ ವಯಸ್ಕರಲ್ಲಿ ಬಹುಪಾಲು ಜನರ ದೇಹದಲ್ಲಿ ಸದ್ದಿಲ್ಲದೆ ಇದೆ. ಅದನ್ನು ಕಾಯುವುದಕ್ಕಾಗಿ ಶರೀರವು ವರ್ಷ ವರ್ಷಕ್ಕೂ ಹೆಚ್ಚು ಹೆಚ್ಚು ಟಿ ಕಣಗಳನ್ನು ಮೀಸಲಿಡುತ್ತದೆ. ಒಂದೇ ಬಾಗಿಲಿಗೆ ಊರಿನ ತಳವಾರರನ್ನೆಲ್ಲ ನಿಲ್ಲಿಸಿದಂತೆ ಇದು. ಮುಪ್ಪಿನಲ್ಲಿ ಹೊಸ ರೋಗಗಳನ್ನು ಎದುರಿಸುವ ಶಕ್ತಿ ಇದರಿಂದ ಎಷ್ಟರಮಟ್ಟಿಗೆ ಕುಗ್ಗುತ್ತದೆಂಬುದು ಪಂಡಿತರಲ್ಲಿ ಇನ್ನೂ ಚರ್ಚೆಯ ವಿಷಯವಾಗಿದೆ. ಎಪ್‌ಸ್ಟೈನ್-ಬಾರ್ ಎಂಬ ಮತ್ತೊಂದು ವೈರಾಣುವಿನ ಸೋಂಕು ತಗಲಿದವರಲ್ಲಿ ನರಗಳ ಕವಚವನ್ನು ಶರೀರವೇ ಕೆಡಿಸುವ ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ವ್ಯಾಧಿಯ ಸಂಭವವು ೩೨ ಪಟ್ಟು ಹೆಚ್ಚೆಂದು, ಅಮೆರಿಕದ ಒಂದು ಕೋಟಿಗೂ ಮಿಕ್ಕ ಸೈನಿಕರ ದಾಖಲೆಗಳನ್ನು ನೋಡಿ ೨೦೨೨ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಆದರೆ ವಾಚಕರು ಭಯಪಡಬೇಕಾಗಿಲ್ಲ. ಆ ವೈರಾಣುವು ಬಹುತೇಕ ಎಲ್ಲ ವಯಸ್ಕರಲ್ಲಿಯೂ ಇದೆ. ಆ ವ್ಯಾಧಿ ಬರುವುದು ಅತ್ಯಲ್ಪ ಜನರಿಗೆ.

ಇನ್ನು ಚಿಕಿತ್ಸೆಯ ವಿಷಯ. ಸರ್ಪಸುತ್ತಿಗೆ ಇಂದು ಕೊಡುವ ಔಷಧಗಳಲ್ಲಿ ಪ್ರಸಿದ್ಧವಾದದ್ದು ಎಸೈಕ್ಲೋವಿರ್. ಇದರ ಶೋಧನೆಯಲ್ಲಿ ಮುಖ್ಯಳಾದವಳು ಗರ್ಟ್ರೂಡ್ ಎಲಿಯನ್ ಎಂಬ ಮಹಿಳೆ. ನ್ಯೂಯಾರ್ಕಿನಲ್ಲಿ ೧೯೧೮ರಲ್ಲಿ ಹುಟ್ಟಿ, ಸ್ತ್ರೀಯರ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದಳು. ಹೆಂಗಸೆಂಬ ಕಾರಣಕ್ಕೆ ಪ್ರಯೋಗಶಾಲೆಗಳು ಕೆಲಸ ಕೊಡಲೊಲ್ಲದೆ ಇದ್ದಾಗ ಹೈಸ್ಕೂಲಿನಲ್ಲಿ ಪಾಠ ಹೇಳಿಯೂ ಜೀವನ ನಡೆಸಿದಳು. ಅದೇ ಎಲಿಯನ್ ೧೯೮೮ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದಳು. ಈ ಔಷಧದ ವಿಶೇಷವೇನೆಂದರೆ, ವೈರಾಣು ಹೊಕ್ಕ ಕಣದೊಳಗೆ ಮಾತ್ರ ಇದು ಎಚ್ಚರಗೊಂಡು ಕೆಲಸಮಾಡುತ್ತದೆ. ಆದರೆ ಮಲಗಿರುವ ವೈರಾಣುವನ್ನು ಇದು ನಾಶಮಾಡಲಾರದು. ಎದ್ದು ವೃದ್ಧಿಯಾಗುತ್ತಿರುವುದನ್ನು ತಡೆಯುತ್ತದೆ. ಆದಕಾರಣ ಗುಳ್ಳೆ ಎದ್ದ ೭೨ ಗಂಟೆಗಳೊಳಗೆ ಪ್ರಾರಂಭಿಸಿದರೆ ಫಲ ಹೆಚ್ಚು. ತಡವಾದರೂ ವೈದ್ಯರನ್ನು ಕಾಣಲೇಬೇಕು.

ತಡವಾದರೆ ಏನಾಗುತ್ತದೆಂದು ಕೇಳಬಹುದು. ಗುಳ್ಳೆಗಳು ಹೇಗೂ ಒಣಗುತ್ತವೆ. ಜಾಜಿನಿಂದ ಗುಣವಾಯಿತೆಂದು ಜನರು ನಂಬುವುದು ಇದರಿಂದಲೇ. ಆದರೆ ಪೆಟ್ಟು ತಿಂದ ನರದ ನೋವು ಉಳಿಯಬಹುದು. ರೋಗಿಗಳಲ್ಲಿ ನೂರಕ್ಕೆ ೧೦ರಿಂದ ೧೮ ಜನರಿಗೆ ಅದು ಮೂರು ತಿಂಗಳನ್ನೂ ಮೀರಿ ಇರುತ್ತದೆ. ಮುದುಕರಲ್ಲಿ ಇನ್ನೂ ಹೆಚ್ಚು. ರವಿಕೆಯ ಬಟ್ಟೆ ತಾಗಿದರೂ ಬೆಂಕಿ ತಾಗಿದಂತಾಗುವ ನೋವದು.

ತಡೆಗಟ್ಟುವ ಉಪಾಯವೂ ಉಂಟು. ಜಪಾನಿನ ಮಿಚಿಯಾಕಿ ತಾಕಾಹಾಶಿ ಎಂಬ ವೈದ್ಯರ ಮೂರು ವರ್ಷದ ಮಗನು ೧೯೬೪ರಲ್ಲಿ ಸೀತಾಳೆ ಸಿಡುಬಿನಿಂದ ಬಹಳ ನರಳಿದನು. ಮಗನ ಸಂಕಟವನ್ನು ನೋಡಿದ ಆ ತಂದೆಯು ಹತ್ತು ವರ್ಷ ದುಡಿದು ೧೯೭೪ರಲ್ಲಿ ಲಸಿಕೆಯನ್ನು ಸಿದ್ಧಪಡಿಸಿದನು. ನಮ್ಮ ದೇಶದ ಮಕ್ಕಳ ವೈದ್ಯರು ಇದನ್ನು ಎರಡು ಸಲ, ಮೊದಲನೆಯದನ್ನು ೧೫ ತಿಂಗಳ ಸುಮಾರಿಗೆ, ಹಾಕಿಸಲು ಸಲಹೆ ಕೊಡುತ್ತಾರೆ. ಸರ್ಕಾರದ ಉಚಿತ ಪಟ್ಟಿಯಲ್ಲಿ ಇದು ಸೇರಿಲ್ಲವಾದ್ದರಿಂದ ಹಣ ಕೊಟ್ಟು ಹಾಕಿಸಬೇಕಾಗುತ್ತದೆ. ಸರ್ಪಸುತ್ತಿನ ತಡೆಗಾಗಿಯೇ ಇರುವ ಹೊಸ ಲಸಿಕೆಯು ೨೦೨೩ರಿಂದ ಭಾರತದಲ್ಲಿ ದೊರೆಯುತ್ತದೆ. ಐವತ್ತು ದಾಟಿದವರಿಗೆ ಎರಡು ಸಲ ಕೊಡುವ ಇದು ಟಿ ಕಣಗಳ ಕಾವಲನ್ನು ಮತ್ತೆ ಬಲಪಡಿಸುತ್ತದೆ. ಬೆಲೆ ಹೆಚ್ಚು. ಸಾಧ್ಯವಿರುವವರು ವೈದ್ಯರೊಡನೆ ಆಲೋಚಿಸಲಿ.

ಮನೆಯಲ್ಲಿ ನೆನಪಿಡತಕ್ಕ ಸಂಗತಿಗಳನ್ನು ಇಲ್ಲಿ ಕ್ರಮವಾಗಿ ಕೊಡುತ್ತೇವೆ.

೧. ದೇಹದ ಒಂದೇ ಪಕ್ಕದಲ್ಲಿ ಉರಿಯೂ ಗುಳ್ಳೆಯೂ ಕಂಡ ದಿನವೇ ವೈದ್ಯರ ಬಳಿಗೆ ಹೋಗಿರಿ.

೨. ಹಣೆ, ಕಣ್ಣಿನ ಸುತ್ತ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಕಣ್ಣಿಗೆ ಅಪಾಯವಿರಬಹುದು. ಒಂದು ದಿನವೂ ತಡಮಾಡಬೇಡಿರಿ.

೩. ಗುಳ್ಳೆಗಳು ಹೊಪ್ಪಳೆಗಟ್ಟುವವರೆಗೆ ಅವನ್ನು ಬಟ್ಟೆಯಿಂದ ಮುಚ್ಚಿ, ಎಳೆಗೂಸುಗಳನ್ನೂ, ಸೀತಾಳೆ ಸಿಡುಬು ಬಾರದಿರುವ ಗರ್ಭಿಣಿಯರನ್ನೂ, ಅಶಕ್ತರನ್ನೂ ದೂರವಿಡಿರಿ.

೪. ಸಿಡುಬೆದ್ದ ಮಗುವಿನ ಉಗುರು ಕತ್ತರಿಸಿ, ಉಗುರುಬೆಚ್ಚಗಿನ ನೀರಿನಿಂದ ಮೈ ಶುಚಿಯಾಗಿಡಿರಿ. ಬೇವಿನ ಸೊಪ್ಪಿನ ಮೇಲೆ ಮಲಗಿಸುವುದರಿಂದ ಕೇಡಿಲ್ಲ. ಆದರೆ ಅದೇ ಔಷಧವೆಂದು ನಂಬಿ ಕೂರಬಾರದು. ಆಸ್ಪಿರಿನ್ ಕೊಡಲೇಬಾರದು.

ಈಗ ಆ ತಾಯಿಯ ಪ್ರಶ್ನೆಗೆ ಹಿಂದಿರುಗೋಣ. ಅಜ್ಜಿಯ ಮಗ್ಗುಲಲ್ಲಿ ಮಗುವನ್ನು ಮಲಗಿಸಿದ್ದು ಪ್ರೀತಿಯ ಕೆಲಸವೇ ಹೊರತು ತಪ್ಪಲ್ಲ, ತಿಳಿಯದೆ ಆದದ್ದು. ಆದರೆ ಐದು ದಿನ ಕಳೆದದ್ದಕ್ಕೆ ಅತ್ತೆಯವರು ಇಂದಿಗೂ ಬೆಲೆ ತೆರುತ್ತಿದ್ದಾರೆ. ವರ್ಷ ಕಳೆದರೂ ರಾತ್ರಿಯ ನಿದ್ರೆ ಸರಿಯಾಗಿ ಬರುತ್ತಿಲ್ಲ. “ಹಾಗಾದರೆ ಮಗುವಿನ ಮೈಯಲ್ಲಿಯೂ ಅದು ಈಗ ಅಡಗಿದೆಯೇ?” ಎಂದು ಆಕೆ ಕೇಳಿದಳು. ಅಡಗಿದೆ ಎಂದೇ ನಾವು ಹೇಳಬೇಕಾಯಿತು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವನು ಮುದುಕನಾಗುವ ಕಾಲಕ್ಕೆ ನಾನಿರುವುದಿಲ್ಲ. ಈ ಮಾತನ್ನು ಅವನಿಗೆ ಯಾರು ಹೇಳಬೇಕು?” ಎಂದಳು.

ಈ ಪಾಠವನ್ನು ಬರೆದದ್ದು ಅದಕ್ಕಾಗಿಯೇ. ಯಾವ ಮಗುವಿಗೆ ಯಾವ ವರ್ಷದಲ್ಲಿ ಸೀತಾಳೆ ಸಿಡುಬು ಬಂದಿತು, ಯಾವ ಲಸಿಕೆ ಯಾವಾಗ ಹಾಕಿಸಿತು ಎಂಬುದನ್ನು ಪ್ರತಿಯೊಂದು ಮನೆಯಲ್ಲಿಯೂ ಒಂದು ಪುಸ್ತಕದಲ್ಲಿ ಬರೆದಿಡಿರಿ. ನೆನಪು ಅಳಿಯುತ್ತದೆ, ವೈರಾಣು ಅಳಿಯುವುದಿಲ್ಲ. ಬರೆದಿಟ್ಟದ್ದು ಮಕ್ಕಳ ಕೈಗೆ ಉಳಿಯುತ್ತದೆ. ಅಕ್ಷರ ಕಲಿತ ನಮ್ಮ ಹೆಣ್ಣುಮಕ್ಕಳಿಗೆ ಇದು ದೊಡ್ಡ ಕೆಲಸವಲ್ಲ. ಮನೆಯ ಹಿರಿಯರು ಮೈ ಉರಿಯುತ್ತದೆಂದು ಹೇಳಿದ ದಿನವೇ ಸೆರಗೆತ್ತಿ ನೋಡಿ, ಮರುದಿನಕ್ಕೆ ಬಿಡದೆ ಹೊರಡಿರಿ ಎಂದು ಬೇಡಿಕೊಂಡು ನಾವು ಈ ಪಾಠವನ್ನು ಮುಗಿಸುತ್ತೇವೆ.