ಎಣಿಕೆಯಿಂದ ಆಕಾರ: ಹೊಲಿಗೆಯಿಲ್ಲದೆ ಹೆಣೆದ ವೀರಬೊಂಬೆ

ಎರಡು ವರ್ಷದ ಮಗುವಿನ ಕೈಗೆ ಬೊಂಬೆಯೊಂದನ್ನು ಕೊಟ್ಟರೆ ಅದು ಮೊದಲು ಮಾಡುವ ಪರೀಕ್ಷೆ ಎಳೆಯುವುದು, ಎರಡನೆಯದು ಬಾಯಿಗಿಡುವುದು. ಉಲ್ಲನ್ ದಾರದಿಂದ ತಾನೇ ಹೆಣೆದು ಅಕ್ಕನ ಮಗುವಿಗೆ ಕೊಟ್ಟ ಬೊಂಬೆ ಈ ಪರೀಕ್ಷೆಯಲ್ಲಿ ಸೋತುದನ್ನು ಈ ಲೇಖಕನು ಕಂಡಿದ್ದಾನೆ. ಮೂರನೆಯ ದಿನವೇ ಅದರ ತೋಳು ಕಿತ್ತುಬಂದು ಮಗುವಿನ ಬಾಯಿ ಸೇರಿತ್ತು. ತಾಯಿ ಹತ್ತಿರದಲ್ಲಿಯೇ ಇದ್ದುದರಿಂದ ಅನಾಹುತವಾಗಲಿಲ್ಲ. ಅನಂತರ ನೋಡಿದಾಗ ತೋಳಿನ ಹೆಣಿಗೆಯಾಗಲಿ, ಮೈಯ ಹೆಣಿಗೆಯಾಗಲಿ ಎಲ್ಲಿಯೂ ಬಿಚ್ಚಿರಲಿಲ್ಲ. ಬಿಟ್ಟುಹೋಗಿದ್ದುದು ಅವೆರಡನ್ನು ಕೂಡಿಸಿದ್ದ ಹೊಲಿಗೆ ಮಾತ್ರ.

ಹಾಗಾದರೆ ಹೊಲಿಗೆಯೇ ಇಲ್ಲದೆ, ಕಾಲು, ಮೈ, ತೋಳು, ತಲೆಗಳು ಒಂದೇ ಹೆಣಿಗೆಯಾಗಿ ಬೆಳೆಯುವಂತೆ ಬೊಂಬೆಯನ್ನು ರಚಿಸಲು ಬರುವುದೆ? ಬರುತ್ತದೆ. ಅದಕ್ಕೆ ಬೇಕಾದುದು ಒಂದು ಕಡ್ಡಿ, ಸ್ವಲ್ಪ ದಾರ ಮತ್ತು ತಪ್ಪದ ಎಣಿಕೆ. ಈ ಎಣಿಕೆಯ ಹಿಂದೆ ವಕ್ರತಲಗಳ ರೇಖಾಗಣಿತವೇ ಅಡಗಿದೆ ಎಂಬುದನ್ನು ತೋರಿಸುವುದು ಈ ಪಾಠದ ಉದ್ದೇಶ.

ಕುಣಿಕೆ ನಿಲ್ಲುವುದು ಹೇಗೆ?

ಕ್ರೋಶಾ ಹೆಣಿಗೆಯಲ್ಲಿ ತುದಿ ಕೊಕ್ಕೆಯಾಗಿರುವ ಒಂದೇ ಕಡ್ಡಿಯಿಂದ ದಾರವನ್ನು ಸೆಳೆದು, ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆಯನ್ನು ತೆಗೆಯುತ್ತ ಹೋಗುತ್ತೇವೆ. ಬೊಂಬೆಗಳಿಗೆ ಬಳಸುವುದು ಗಿಡ್ಡನೆಯ ಒಂಟಿ ಕ್ರೋಶಾ. ಅದರ ಪ್ರತಿಯೊಂದು ಹೆಣಿಗೆಯನ್ನೂ ಇಲ್ಲಿ 'ಕುಣಿಕೆ' ಎಂದೇ ಕರೆಯೋಣ.

ಇಲ್ಲಿ ಗಂಟುಗಳಿಲ್ಲ. ದಾರವು ದಾರವನ್ನು ಬಳಸಿ ಬಾಗಿರುವುದರಿಂದ ಉಂಟಾಗುವ ಘರ್ಷಣೆಯೇ ಹಿಡಿತಕ್ಕೆ ಕಾರಣ. ಕೊಸರುವ ಹೋರಿಯ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಸುತ್ತಿದರೆ ಹುಡುಗನೊಬ್ಬನು ಅದನ್ನು ಹಿಡಿದು ನಿಲ್ಲಬಲ್ಲನು. ಸುತ್ತು ಹೆಚ್ಚಿದಂತೆ ಹಿಡಿತವು ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ. ಕುಣಿಕೆಗಳಲ್ಲಿಯೂ ನಡೆಯುವುದು ಇದೇ.

ಆದರೆ ಪ್ರತಿ ಕುಣಿಕೆಯನ್ನೂ ಹಿಡಿದಿರುವುದು ಅದರ ಮುಂದಿನ ಕುಣಿಕೆ. ಕೊನೆಯದು ಸಡಿಲವಾಗಿದ್ದು ದಾರವನ್ನು ಎಳೆದರೆ ಗಂಟೆಗಟ್ಟಲೆ ಹೆಣೆದುದು ಕ್ಷಣಗಳಲ್ಲಿ ಬಿಚ್ಚಿಹೋಗುತ್ತದೆ. ಕೊನೆಯದನ್ನು ಭದ್ರಪಡಿಸಿದರೆ ಹಿಂದಿನವೆಲ್ಲವೂ ಭದ್ರ. ಹೊಲಿದು ಸೇರಿಸಿದ ತೋಳಿನ ಭಾರವನ್ನು ಬೇರೊಂದು ದಾರದ ಕೆಲವೇ ಹೊಲಿಗೆಗಳು ಹೊರಬೇಕು. ಹೆಣಿಗೆಯೊಳಗೇ ಸೇರಿದ ತೋಳನ್ನು ಎಳೆದಾಗ ಸೆಳೆತವು ಸುತ್ತಲಿನ ಅನೇಕ ಕುಣಿಕೆಗಳಿಗೆ ಹಂಚಿಹೋಗುತ್ತದೆ.

ಆರರ ನಿಯಮ

ಹೆಣಿಗೆ ಬಲ್ಲವರನ್ನು ಕೇಳಿದರೆ, ಚಪ್ಪಟೆಯಾದ ಬಿಲ್ಲೆ ಬೇಕಾದರೆ ಸುತ್ತಿಗೆ ಆರು ಕುಣಿಕೆ ಹೆಚ್ಚಿಸಬೇಕು ಎನ್ನುತ್ತಾರೆ. ಮೊದಲ ಸುತ್ತಿನಲ್ಲಿ ೬, ಎರಡನೆಯದರಲ್ಲಿ ೧೨, ಮೂರನೆಯದರಲ್ಲಿ ೧೮. ಆರೇ ಏಕೆ?

ಒಂಟಿ ಕ್ರೋಶಾದ ಕುಣಿಕೆಯ ಅಗಲವೂ ಎತ್ತರವೂ ಬಹುಮಟ್ಟಿಗೆ ಸಮ. ಆದಕಾರಣ ಒಂದು ಸುತ್ತು ಹೆಣೆದಾಗ ಬಿಲ್ಲೆಯ ತ್ರಿಜ್ಯವು ಒಂದು ಕುಣಿಕೆಯಷ್ಟು ಬೆಳೆಯುತ್ತದೆ. ತ್ರಿಜ್ಯವು ಒಂದು ಮಾನ ಬೆಳೆದರೆ ಪರಿಧಿಯು ಎರಡು ಪೈ, ಅಂದರೆ ೬.೨೮ ಮಾನ ಬೆಳೆಯಬೇಕಷ್ಟೆ. ಕಾಲು ಕುಣಿಕೆ ಹೆಣೆಯಲು ಬಾರದುದರಿಂದ ಆರು. ಉಳಿದ ಕೊರತೆಯನ್ನು ದಾರದ ಹಿಗ್ಗುವಿಕೆ ತುಂಬಿಕೊಡುತ್ತದೆ. ಪೈ ಎಂಬ ಹೆಸರನ್ನೇ ಕೇಳದ ಅಜ್ಜಿಯರ ಬೆರಳುಗಳಿಗೂ ಅದರ ಬೆಲೆ ಗೊತ್ತಿತ್ತೆಂದು ಹೇಳಿದರೆ ಅತಿಶಯೋಕ್ತಿಯಲ್ಲ.

ಆರಕ್ಕಿಂತ ಕಡಮೆ ಹೆಚ್ಚಿಸಿದರೆ ಅಂಚಿಗೆ ಉದ್ದ ಸಾಲದೆ ಬಿಲ್ಲೆಯು ಬಟ್ಟಲಾಗುತ್ತದೆ. ಏನೂ ಹೆಚ್ಚಿಸದಿದ್ದರೆ ಕೊಳವೆಯಾಗುತ್ತದೆ. ಆರಕ್ಕಿಂತ ಅಧಿಕವಾದರೆ ಅಂಚು ಮಿಕ್ಕಿ ನಿರಿಗೆಗಟ್ಟುತ್ತದೆ. ದಾರವೂ ಒಂದೇ, ಕಡ್ಡಿಯೂ ಒಂದೇ. ಆಕಾರವನ್ನು ನಿರ್ಧರಿಸುವುದು ಸಂಖ್ಯೆ.

ಚೆಂಡನ್ನು ಹೆಣೆಯುವ ಕ್ರಮವನ್ನು ನೋಡಿ: ೬, ೧೨, ೧೮, ೨೪, ೩೦ ಎಂದು ಐದು ಸುತ್ತು ಹೆಚ್ಚಿಸಿ, ೩೦ರಲ್ಲಿಯೇ ಐದು ಸುತ್ತು ಮುಂದುವರಿಸಿ, ೨೪, ೧೮, ೧೨, ೬ ಎಂದು ಇಳಿಸಿ ಬಾಯಿ ಮುಚ್ಚುವುದು. ಒಟ್ಟು ೧೪ ಸುತ್ತು ಮತ್ತು ಮುಚ್ಚುಗೆ. ಗೋಳದ ನಡುಸುತ್ತಳತೆ ೩೦ ಕುಣಿಕೆಯಾದರೆ, ಧ್ರುವದಿಂದ ಧ್ರುವಕ್ಕೆ ಅದರ ಅರ್ಧ, ಎಂದರೆ ೧೫ ಇರಬೇಕೆಂದು ಗಣಿತ ಹೇಳುತ್ತದೆ. ಕೈಯ ರೂಢಿಗೂ ಗಣಿತಕ್ಕೂ ಎಷ್ಟು ಹತ್ತಿರದ ಹೊಂದಿಕೆ!

ವೀರನೇ ಏಕೆ?

೧೯೩೮ರಲ್ಲಿ ಅಮೆರಿಕದ ಚಿತ್ರಕಥೆಯೊಂದರಲ್ಲಿ ಸೂಪರ್‌ಮ್ಯಾನ್ ಕಾಣಿಸಿಕೊಂಡಂದಿನಿಂದ ಇಂತಹ ಅತಿಮಾನುಷ ವೀರರು ಅನೇಕ ದೇಶಗಳ ಮಕ್ಕಳಿಗೆ ಪ್ರಿಯರಾಗಿದ್ದಾರೆ. ನಮ್ಮ ಕೆಲಸಕ್ಕೆ ಅವರ ಉಡುಪೇ ಒಂದು ಅನುಕೂಲ. ಅದು ಮೈಗೆ ಅಂಟಿಕೊಂಡಿರುವುದರಿಂದ ಬೊಂಬೆಗೆ ಬೇರೆ ಬಟ್ಟೆ ತೊಡಿಸಬೇಕಾಗಿಲ್ಲ. ದಾರದ ಬಣ್ಣ ಬದಲಾಯಿಸಿದರೆ ಮೈಯೇ ಉಡುಪಾಗುತ್ತದೆ. ಹಾರಾಡುವ ಮೇಲುಹೊದಿಕೆಯೊಂದೇ ಇದಕ್ಕೆ ಅಪವಾದ.

ಹೆಣೆಯುವ ಕ್ರಮ

ಸಾಧಾರಣ ದಪ್ಪದ ಉಲ್ಲನ್ ದಾರ, ಸುಮಾರು ೩ ಮಿ.ಮೀ. ಕ್ರೋಶಾ ಕಡ್ಡಿ, ತುಂಬಲು ಹತ್ತಿ, ದಾರದ ತುದಿಗಳನ್ನು ಒಳಸೇರಿಸಲು ಮೊಂಡುತುದಿಯ ದಬ್ಬಣ: ಇಷ್ಟು ಸಾಕು. ಸುತ್ತುಗಳು ಸುರುಳಿಯಾಗಿ ಸಾಗುವುದರಿಂದ ಪ್ರತಿ ಸುತ್ತಿನ ಆರಂಭಕ್ಕೆ ಬೇರೆ ಬಣ್ಣದ ದಾರದ ತುಂಡೊಂದನ್ನು ಗುರುತಾಗಿ ಇಡತಕ್ಕದ್ದು. ಹೆಚ್ಚಿಸುವುದೆಂದರೆ ಒಂದೇ ಕುಣಿಕೆಯಲ್ಲಿ ಎರಡನ್ನು ಹೆಣೆಯುವುದು. ಇಳಿಸುವುದೆಂದರೆ ಎರಡನ್ನು ಸೇರಿಸಿ ಒಂದಾಗಿಸುವುದು. ಬಣ್ಣ ಬದಲಿಸುವಾಗ ಹಳೆಯ ಬಣ್ಣದ ಕೊನೆಯ ಸೆಳೆತವನ್ನು ಹೊಸ ದಾರದಿಂದ ಮಾಡಬೇಕು.

ತೋಳುಗಳು: ದಾರವನ್ನು ಬೆರಳಿಗೆ ಬಳೆಯಂತೆ ಸುತ್ತಿ, ಅದರೊಳಗೆ ೬ ಕುಣಿಕೆ ಹೆಣೆದು ಬಿಗಿಯಿರಿ. ಹೆಚ್ಚಿಸದೆ ೭ ಸುತ್ತು ಸಾಗಿ ನಿಲ್ಲಿಸಿ. ಎರಡು ತೋಳುಗಳನ್ನು ಹೀಗೆ ಸಿದ್ಧಮಾಡಿ ಇಟ್ಟುಕೊಳ್ಳಿ. ಹತ್ತಿ ತುಂಬಬೇಡಿ.

ಕಾಲುಗಳು: ಕೆಂಪು ದಾರದಿಂದ ೬, ಅನಂತರ ೧೨, ೧೨ರಲ್ಲಿಯೇ ಇನ್ನೆರಡು ಸುತ್ತು. ಇದು ಬೂಟು. ನೀಲಿ ದಾರದಿಂದ ೧೨ರ ಮೂರು ಸುತ್ತು. ಮೊದಲ ಕಾಲಿನ ದಾರವನ್ನು ಕತ್ತರಿಸಿ, ಎರಡನೆಯದನ್ನು ಕತ್ತರಿಸಬೇಡಿ.

ಮೈ: ಎರಡನೆಯ ಕಾಲಿನಿಂದ ೩ ಕುಣಿಕೆಯ ಸರಪಣಿ ಹೆಣೆದು ಮೊದಲ ಕಾಲಿಗೆ ಸೇರಿಸಿ. ಈಗ ಕೆಂಪು ದಾರದಿಂದ ಮೊದಲ ಕಾಲಿನ ಸುತ್ತ ೧೨, ಸರಪಣಿಯ ಒಂದು ಬದಿಯಲ್ಲಿ ೩, ಎರಡನೆಯ ಕಾಲಿನ ಸುತ್ತ ೧೨, ಸರಪಣಿಯ ಇನ್ನೊಂದು ಬದಿಯಲ್ಲಿ ೩, ಒಟ್ಟು ೩೦. ಇದೇ ವೀರನ ಚಡ್ಡಿ. ಇನ್ನೊಂದು ಸುತ್ತು ಕೆಂಪು, ಅನಂತರ ೩೦ರ ಮೂರು ಸುತ್ತು ನೀಲಿ. ೨೪ಕ್ಕೆ ಇಳಿಸಿ ಮೂರು ಸುತ್ತು. ೧೮ಕ್ಕೆ ಇಳಿಸಿ ಒಂದು ಸುತ್ತು.

ತೋಳು ಸೇರಿಸುವ ಸುತ್ತು: ತೋಳಿನ ಬಾಯನ್ನು ಒತ್ತಿ ಚಪ್ಪಟೆ ಮಾಡಿದರೆ ಅದರ ೬ ಕುಣಿಕೆಗಳು ೩ ಜೋಡಿಗಳಾಗುತ್ತವೆ. ಮೈಯ ಸುತ್ತಿನಲ್ಲಿ ೬ ಕುಣಿಕೆ ಹೆಣೆಯಿರಿ; ಮುಂದಿನ ಮೂರನ್ನು ತೋಳಿನ ಎರಡು ಪದರ ಮತ್ತು ಮೈ ಇವೆಲ್ಲವುಗಳೊಳಗಿಂದ ಕಡ್ಡಿ ತೂರಿಸಿ ಹೆಣೆಯಿರಿ; ಮತ್ತೆ ೬; ಮತ್ತೊಂದು ತೋಳಿನ ೩. ಒಟ್ಟು ೧೮. ತೋಳುಗಳು ಕಾಲುಗಳ ಹೊರಬದಿಗೆ ನೇರವಾಗಿ ಬರಬೇಕು. ಒಂಟಿ ಕ್ರೋಶಾದ ಸುತ್ತುಗಳು ಮೇಲೇರಿದಂತೆ ಒಂದು ಬದಿಗೆ ವಾಲುವುದರಿಂದ, ಈ ಸುತ್ತಿಗೆ ಮುಂಚೆ ಕಣ್ಣಳತೆಯಿಂದ ನೋಡಿಕೊಂಡು, ಅಗತ್ಯವಿದ್ದರೆ ಒಂದೆರಡು ಕುಣಿಕೆ ಮುಂದೆ ಸರಿಯಿರಿ.

ಕುತ್ತಿಗೆ ಮತ್ತು ತಲೆ: ೧೨ಕ್ಕೆ ಇಳಿಸಿ, ಕಾಲು ಮೈಗಳಿಗೆ ಹತ್ತಿ ತುಂಬಿ. ಪ್ರತಿ ಕುಣಿಕೆಯ ನೆತ್ತಿಯಲ್ಲಿ ಎರಡು ಎಳೆಗಳು ಕಾಣುತ್ತವೆ. ಮುಂದಿನ ಸುತ್ತನ್ನು ಮುಖದ ಬಣ್ಣದಿಂದ, ಒಳಗಿನ ಎಳೆಯಲ್ಲಿ ಮಾತ್ರ ಹೆಣೆದು ೧೮ಕ್ಕೆ ಏರಿಸಿ. ಹೊರಗಿನ ಎಳೆಗಳು ಹೊದಿಕೆಗೆ ಉಳಿಯಲಿ. ಅನಂತರ ೨೪, ೩೦, ಮತ್ತು ೩೦ರ ಐದು ಸುತ್ತು. ಈ ಐದರಲ್ಲಿ ಮೂರನೆಯ ಸುತ್ತು ಕಪ್ಪಾಗಿರಲಿ, ಅದು ಮುಖವಾಡ. ಅದರಲ್ಲಿಯೇ ಮುಂಬದಿಗೆ, ನಡುವೆ ನಾಲ್ಕು ಕುಣಿಕೆ ಬಿಟ್ಟು, ಎರಡು ಕುಣಿಕೆಗಳನ್ನು ಬಿಳಿ ದಾರದಿಂದ ಹೆಣೆದರೆ ಕಣ್ಣುಗಳಾದವು. ಕೊನೆಯ ೨೪, ೧೮, ೧೨, ೬ರ ಸುತ್ತುಗಳನ್ನು ಕಪ್ಪು ದಾರದಿಂದ ಹೆಣೆದರೆ ಕೂದಲೂ ಆಯಿತು. ಬಾಯಿ ಕಿರಿದಾಗುವ ಮುನ್ನ ತಲೆಗೆ ಹತ್ತಿ ತುಂಬಿ. ದಾರವನ್ನು ಕತ್ತರಿಸಿ, ಉಳಿದ ಆರು ಕುಣಿಕೆಗಳೊಳಗೆ ದಬ್ಬಣದಿಂದ ತೂರಿಸಿ, ಬಿಗಿದು, ಒಳಗೆ ಹಲವು ಸಲ ಹಾಯಿಸಿ ಅಡಗಿಸಿ.

ಹೊದಿಕೆ: ಬೊಂಬೆಯನ್ನು ತಲೆಕೆಳಗಾಗಿ ಹಿಡಿದು, ಬೆನ್ನಿನ ಕಡೆಯ ಆರು ಹೊರ ಎಳೆಗಳಲ್ಲಿ ಕೆಂಪು ದಾರದಿಂದ ೬ ಕುಣಿಕೆ ಎತ್ತಿಕೊಳ್ಳಿ. ಸಾಲಿನ ಕೊನೆಯಲ್ಲಿ ಒಂದು ಸರಪಣಿ ಹೆಣೆದು ಹಿಂದಿರುಗಿಸುತ್ತ, ಸಾಲು ಬಿಟ್ಟು ಸಾಲಿಗೆ ಎರಡು ಅಂಚಿನಲ್ಲಿಯೂ ಒಂದೊಂದು ಹೆಚ್ಚಿಸುತ್ತ ಹತ್ತು ಸಾಲು ಸಾಗಿದರೆ ಸಾಕು. ಸುಮಾರು ೧೨ ಸೆಂ.ಮೀ. ಎತ್ತರದ ವೀರನು ಸಿದ್ಧನಾದನು.

ಲೆಕ್ಕದ ತಾಳೆ

ಈಗ ಬೊಂಬೆಯನ್ನು ಮುಂದಿಟ್ಟುಕೊಂಡು ಒಂದು ಲೆಕ್ಕ ಮಾಡೋಣ. ಚಪ್ಪಟೆ ಬಿಲ್ಲೆಯಲ್ಲಿ ಸುತ್ತಿಗೆ ೬ರ ಏರಿಕೆ. ಅದು ಕೊಳವೆಯಾಗಿ ತಿರುಗುವಲ್ಲಿ ಏರಿಕೆ ಸೊನ್ನೆ. ಹೀಗೆ ಕೊರತೆಯಾದ ೬ನ್ನು ಆ ತುದಿಯ 'ಬಾಗು' ಎನ್ನೋಣ. ಚೆಂಡಿಗೆ ಎರಡು ತುದಿ. ಅದರ ಒಟ್ಟು ಬಾಗು ೧೨.

ನಮ್ಮ ಬೊಂಬೆಗೆ ಎರಡು ಪಾದ ಮತ್ತು ನೆತ್ತಿ, ಒಟ್ಟು ಮೂರು ತುದಿಗಳು. ಬಾಗು ೧೮ ಆಗಬೇಕಲ್ಲವೆ? ಆದರೆ ಎರಡು ಕಾಲುಗಳು ಕೂಡುವ ಕವಲನ್ನು ಬೆರಳಿನಿಂದ ಸವರಿ ನೋಡಿ. ಅದು ಕುದುರೆಯ ಜೀನಿನಂತೆ ಒಂದು ದಿಕ್ಕಿನಲ್ಲಿ ಮೇಲಕ್ಕೂ ಅಡ್ಡದಿಕ್ಕಿನಲ್ಲಿ ಕೆಳಕ್ಕೂ ಬಾಗಿದೆ. ಇದು ಋಣ ಬಾಗು. ಇದರ ಬೆಲೆ ೬. ಕುತ್ತಿಗೆಯಲ್ಲಿಯೂ ಋಣ ಬಾಗುಂಟು, ಆದರೆ ಹೆಗಲು ಮತ್ತು ಗಲ್ಲದ ಧನ ಬಾಗುಗಳಿಂದ ಅದು ವಜಾ ಆಗುತ್ತದೆ. ಆದುದರಿಂದ ಒಟ್ಟು ೧೮ ಕಳೆ ೬, ಮತ್ತೆ ೧೨! (ತೋಳುಗಳನ್ನು ಬಾಯಿ ಮುಚ್ಚಿ ಸೇರಿಸಿರುವುದರಿಂದ ಲೆಕ್ಕಕ್ಕೆ ಹಿಡಿದಿಲ್ಲ.)

ಇದು ಆಕಸ್ಮಿಕವಲ್ಲ. ಜರ್ಮನಿಯ ಗೌಸ್ ೧೮೨೭ರಲ್ಲಿಯೂ ಫ್ರಾನ್ಸಿನ ಬಾನೆ ೧೮೪೮ರಲ್ಲಿಯೂ ಪ್ರಕಟಿಸಿದ ಕಾರ್ಯಗಳಿಂದ ಬೆಳೆದು ಬಂದ ಪ್ರಮೇಯವೊಂದು ಹೀಗೆನ್ನುತ್ತದೆ: ರಂಧ್ರವಿಲ್ಲದ ಮುಚ್ಚಿದ ತಲವನ್ನು ಹರಿಯದೆ ಹೇಗೆ ಹಿಗ್ಗಿಸಿ ಕುಗ್ಗಿಸಿದರೂ ಅದರ ಒಟ್ಟು ವಕ್ರತೆ ನಾಲ್ಕು ಪೈ ಆಗಿಯೇ ಉಳಿಯುತ್ತದೆ. ನಮ್ಮ ಹೆಣಿಗೆಯ ಭಾಷೆಯಲ್ಲಿ ಎರಡು ಪೈ ಎಂದರೆ ಆರು. ನಾಲ್ಕು ಪೈ ಎಂದರೆ ಹನ್ನೆರಡು.

ಋಣ ಬಾಗನ್ನೇ ಎಲ್ಲೆಡೆಯೂ ಸಮನಾಗಿ ಹರಡಿದರೆ ಏನಾಗುವುದು? ಅದೇ ಹೈಪರ್ಬೋಲಿಕ್ ತಲ. ವಿಲಿಯಂ ಥರ್ಸ್ಟನ್ ಎಂಬ ಗಣಿತಜ್ಞನು ಸೂಚಿಸಿದಂತೆ ಕಾಗದದ ಪಟ್ಟಿಗಳನ್ನು ಅಂಟಿಸಿ ಅದರ ಮಾದರಿಗಳನ್ನು ಮಾಡುತ್ತಿದ್ದರು. ಅವು ಬೇಗ ಹರಿಯುತ್ತಿದ್ದವು. ಲ್ಯಾಟ್ವಿಯಾ ಮೂಲದ ಡೈನಾ ತೈಮಿನಾ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ೧೯೯೭ರಲ್ಲಿ, ಇಂತಿಷ್ಟು ಕುಣಿಕೆಗೊಂದು ಹೆಚ್ಚಳವೆಂಬ ಒಂದೇ ಪ್ರಮಾಣವನ್ನು ಪಾಲಿಸಿ, ಅದನ್ನು ಕ್ರೋಶಾದಲ್ಲಿ ಹೆಣೆದರು. ಮುಟ್ಟಿ ಮಡಿಸಿ ನೋಡಬಹುದಾದ ಆ ಮಾದರಿ ತರಗತಿಗಳಲ್ಲಿ ಬಳಕೆಗೆ ಬಂದಿತು. ಮನೆಯ ಮೂಲೆಯಲ್ಲಿ ಕುಳಿತು ಮಾಡುವ ಕೆಲಸವೆಂದು ಎಣಿಸಿದ್ದ ಕಲೆಯು ಹೀಗೆ ಗಣಿತಶಾಲೆಗೂ ಪಾಠ ಹೇಳಿತು.

ಕೊನೆಯ ಮಾತು

ಕುಣಿಕೆಗಳು ಬಿಗಿಯಾಗಿರಲಿ, ಇಲ್ಲವಾದರೆ ಸಂದುಗಳಿಂದ ಹತ್ತಿ ಹೊರಬರುವುದು. ಗುಂಡಿ, ಮಣಿಗಳನ್ನು ಕಣ್ಣಾಗಿ ಇಡಕೂಡದು. ಕೊಡುವ ಮುನ್ನ ತೋಳು, ಕಾಲು, ಹೊದಿಕೆಗಳನ್ನು ನಿಮ್ಮ ಬಲವೆಲ್ಲ ಹಾಕಿ ಎಳೆದು ನೋಡಿ. ಮಗು ಹೇಗೂ ಎಳೆಯುತ್ತದೆ. ಅಕ್ಕನ ಮಗುವಿಗೆ ಈ ಲೇಖಕನು ಎರಡನೆಯ ಸಲ ಹೆಣೆದುಕೊಟ್ಟ ವೀರನು ಬಣ್ಣಗೆಟ್ಟಿದ್ದಾನೆ, ಆದರೆ ಅವನ ಎರಡು ತೋಳುಗಳೂ ಸ್ವಸ್ಥಾನದಲ್ಲಿಯೇ ಇವೆ.

ಅಭ್ಯಾಸ

೧. ಕುಣಿಕೆಯ ಎತ್ತರವು ಅಗಲದ ಎರಡರಷ್ಟಿದ್ದರೆ, ಚಪ್ಪಟೆ ಬಿಲ್ಲೆಗೆ ಸುತ್ತಿಗೆ ಎಷ್ಟು ಕುಣಿಕೆ ಹೆಚ್ಚಿಸಬೇಕು?

೨. ನಡುಸುತ್ತಿನಲ್ಲಿ ೪೨ ಕುಣಿಕೆಗಳಿರುವ ಚೆಂಡಿಗೆ, ಧ್ರುವದಿಂದ ಧ್ರುವಕ್ಕೆ ಸುಮಾರು ಎಷ್ಟು ಸುತ್ತು ಬೇಕು?

೩. ನಾಲ್ಕು ಕಾಲು, ಒಂದು ತಲೆಯುಳ್ಳ ಆನೆಯನ್ನು ಹೊಲಿಗೆಯಿಲ್ಲದೆ ಹೆಣೆದರೆ ಅದರ ಒಟ್ಟು ಬಾಗು ಎಷ್ಟು? ಲೆಕ್ಕ ಮಾಡಿ, ಅನಂತರ ಹೆಣೆದು ತಾಳೆ ನೋಡಿ.