ಬೇಸಗೆಯ ಬೇಗೆಯೂ ವಿದ್ಯುತ್ತಿನ ಲೆಕ್ಕವೂ



ಹೋಳಿ ಹುಣ್ಣಿಮೆ ಕಳೆಯಿತೆಂದರೆ ನಮ್ಮ ವಡಾಲದಲ್ಲಿ ಸೆಕೆಯ ದಿನಗಳು ಆರಂಭವಾಗುತ್ತವೆ. ಪರೀಕ್ಷೆಗೆ ಓದುವವರ ಪುಸ್ತಕದ ಮೇಲೆ ಬೆವರಿನ ಹನಿ ಬೀಳುತ್ತದೆ. ತಿಂಗಳ ಕೊನೆಗೆ ವಿದ್ಯುತ್ತಿನ ಬಿಲ್ಲು ಬಂದಾಗ ಮನೆಯ ಹಿರಿಯರ ಹಣೆಯಲ್ಲಿ ಬೇರೊಂದು ಬಗೆಯ ಬೆವರು ಮೂಡುತ್ತದೆ. ಕಡಿಮೆ ಖರ್ಚಿನಲ್ಲಿ ಮನೆಯನ್ನು ತಂಪಾಗಿಡುವ ಉಪಾಯವುಂಟೇ? ಉಂಟು. ಅದನ್ನು ಹೇಳಿಕೊಡುವುದು ನೀವು ಕಲಿಯುತ್ತಿರುವ ಭೂಗೋಳ, ವಿಜ್ಞಾನ ಮತ್ತು ಗಣಿತವೇ.

ಎರಡು ವರ್ಷಗಳ ಹಿಂದೆ ನಮ್ಮ ನೆರೆಮನೆಯಲ್ಲಿ ನಡೆದ ಸಂಗತಿಯೊಂದನ್ನು ಮೊದಲು ಹೇಳುತ್ತೇನೆ. ಅವರದು ಕಟ್ಟಡದ ಮೇಲಂತಸ್ತಿನ ಮನೆ. ಮನೆಯಲ್ಲಿ ವಯಸ್ಸಾದ ಅಜ್ಜಿಯಿದ್ದಾರೆ. ಕಲಬುರಗಿಯ ಬಂಧುಗಳ ಮನೆಯಲ್ಲಿ ನೀರಿನ ಕೂಲರು ಹಿತವಾದ ತಂಪು ಕೊಡುವುದನ್ನು ಕಂಡುಬಂದ ಅವರು ಇಲ್ಲಿಯೂ ಒಂದನ್ನು ಕೊಂಡರು. ಎರಡೇ ದಿನಗಳಲ್ಲಿ ಹಾಸಿಗೆ ಬಟ್ಟೆಗಳು ತೇವಗೊಂಡವು. ಅಜ್ಜಿಗೆ ಉಸಿರು ಕಟ್ಟಿದಂತಾಗತೊಡಗಿತು. ಕೂಲರು ಕೆಟ್ಟಿರಲಿಲ್ಲ. ಅದನ್ನು ಇರಿಸಿದ ಊರು ತಪ್ಪಾಗಿತ್ತು.

ಕಾರಣವನ್ನು ವಿಚಾರಿಸೋಣ. ನೀರು ಆವಿಯಾಗುವಾಗ ಸುತ್ತಲಿನ ಉಷ್ಣವನ್ನು ಹೀರಿಕೊಳ್ಳುತ್ತದೆ. ಕಲಬುರಗಿಯ ಬೇಸಗೆಯ ಹವೆ ಒಣಹವೆ. ಅಲ್ಲಿ ನೀರು ಬೇಗನೆ ಆವಿಯಾಗಿ ಗಾಳಿಯನ್ನು ತಣಿಸುತ್ತದೆ. ಮುಂಬಯಿಯ ಹವೆಯಲ್ಲಾದರೋ ಕಡಲಿನಿಂದ ಬಂದ ತೇವವು ಮೊದಲೇ ತುಂಬಿಕೊಂಡಿರುತ್ತದೆ. ಅದಕ್ಕೆ ಮತ್ತಷ್ಟು ತೇವವನ್ನು ಬೆರೆಸಿದರೆ ಮೈಯ ಬೆವರು ಆರಲಾರದು. ಬೆವರು ಆರದಿದ್ದರೆ ದೇಹದ ಕಾವು ಇಳಿಯದು.

ನಮ್ಮ ಹಿರಿಯರ ಮನೆಗಳಲ್ಲಿ ಈ ಭೇದವು ಸ್ಪಷ್ಟವಾಗಿ ಕಾಣುತ್ತದೆ. ಕಲಬುರಗಿ, ವಿಜಯಪುರಗಳ ಕಡೆ ಕಲ್ಲುಮಣ್ಣಿನ ದಪ್ಪ ಗೋಡೆ, ಚಿಕ್ಕ ಕಿಟಕಿ, ಮಣ್ಣಿನ ಮಾಳಿಗೆ. ಹಗಲಿನ ಕಾವು ಗೋಡೆಯನ್ನು ದಾಟಿ ಒಳಗೆ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ. ಉಡುಪಿ, ಮಂಗಳೂರುಗಳ ಕಡೆ ಇಳಿಜಾರಾದ ಹೆಂಚಿನ ಮಾಡು, ಉದ್ದನೆಯ ಜಗಲಿ, ಮುಂದಕ್ಕೆ ಚಾಚಿದ ಸೂರು. ಬಿಸಿಯಾದ ಗಾಳಿ ಮೇಲೇರಿ ಹೆಂಚಿನ ಸಂದಿಗಳಿಂದ ಹೊರಬೀಳುತ್ತದೆ. ಮೊದಲನೆಯ ಮನೆ ಬಿಸಿಲನ್ನು ತಡೆಯುತ್ತದೆ, ಎರಡನೆಯದು ಗಾಳಿಯನ್ನು ಕರೆಯುತ್ತದೆ. ವಡಾಲವು ಕರಾವಳಿಯ ನೆಲವಾದುದರಿಂದ ಇಲ್ಲಿ ನಾವು ಎರಡನೆಯ ಪಾಠವನ್ನು ಮುಖ್ಯವಾಗಿ ಕಲಿಯಬೇಕು; ಆದರೆ ಕಾಂಕ್ರೀಟಿನ ಕಟ್ಟಡದಲ್ಲಿ ವಾಸಿಸುವುದರಿಂದ ಮೊದಲನೆಯದನ್ನೂ ಮರೆಯುವಂತಿಲ್ಲ.

ಇನ್ನು ಬಿಸಿಲಿನ ದಾರಿಯನ್ನು ನೋಡೋಣ. ಮುಂಬಯಿ ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ತಿಂಗಳ ನಡುಭಾಗದಲ್ಲಿ ಸೂರ್ಯನು ನಡುಹಗಲಿಗೆ ನಮ್ಮ ನೆತ್ತಿಯ ನೇರಕ್ಕೇ ಬರುತ್ತಾನೆ. ಆಗ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಬೀಳುವುದಿಲ್ಲ. ಆದುದರಿಂದ ಆ ದಿನಗಳಲ್ಲಿ ತೆಂಕಣ ಕಿಟಕಿಗೆ ಬಿಸಿಲಿನ ಭಯ ಕಡಿಮೆ. ಬಿಸಿಲನ್ನು ಹೊರುವವು ಬೆಳಿಗ್ಗೆ ಮೂಡಣ ಕಿಟಕಿ, ನಡುಹಗಲಿನಲ್ಲಿ ತಾರಸಿ, ಸಂಜೆ ಪಡುವಣ ಕಿಟಕಿ. ಎಲ್ಲ ಕಿಟಕಿಗಳಿಗೂ ದುಬಾರಿ ಪರದೆ ಕೊಳ್ಳುವ ಮೊದಲು ನಿಮ್ಮ ಮನೆಯ ಯಾವ ಕಿಟಕಿಗೆ ಎಷ್ಟು ಹೊತ್ತು ಬಿಸಿಲು ಬೀಳುತ್ತದೆಂದು ಒಂದು ದಿನ ಕುಳಿತು ಬರೆದುಕೊಳ್ಳಿರಿ.

ಪಡುವಣ ಕಿಟಕಿಯಲ್ಲಿ ಒಂದು ತೊಡಕಿದೆ. ಸುಡುವ ಬಿಸಿಲೂ ಹಿತವಾದ ಕಡಲ ಗಾಳಿಯೂ ಬರುವುದು ಅಲ್ಲಿಂದಲೇ. ಅದನ್ನು ಮುಚ್ಚಿದರೆ ಗಾಳಿಯಿಲ್ಲ, ತೆರೆದರೆ ಬಿಸಿಲು. ಇದಕ್ಕೆ ಬಿದಿರಿನ ತಟ್ಟಿಯೇ ಪರಿಹಾರ. ಅದನ್ನು ಕಿಟಕಿಯ ಹೊರಗೆ ಭದ್ರವಾಗಿ, ಕೆಳತುದಿ ತುಸು ಮುಂದಕ್ಕೆ ಚಾಚುವಂತೆ ಕಟ್ಟಿಸಬೇಕು. ಒಳಗೆ ಕಟ್ಟಿದ ಪರದೆ, ಗಾಜನ್ನು ದಾಟಿ ಬಂದ ಕಾವನ್ನು ಕೋಣೆಯಲ್ಲಿಯೇ ಉಳಿಸುತ್ತದೆ. ಹೊರಗಿನ ತಟ್ಟಿ ಅದನ್ನು ಬಾಗಿಲಲ್ಲೇ ತಡೆಯುತ್ತದೆ. ಎದುರಿನ ಕಿಟಕಿಯನ್ನೂ ತೆರೆದಿಟ್ಟರೆ ಗಾಳಿ ಮನೆಯನ್ನು ಹಾದುಹೋಗುತ್ತದೆ.

ಮೂಡಣದಿಂದ ನೆಲಗಾಳಿ ಬೀಸಿ ಕಡಲ ಗಾಳಿ ತಡವಾಗುವ ದಿನಗಳೇ ಮುಂಬಯಿಯಲ್ಲಿ ಅತಿ ಕಠಿಣ. 1952ರ ಏಪ್ರಿಲ್ 14ರಂದು ಸಾಂತಾಕ್ರೂಜ್‌ನಲ್ಲಿ 42.2 ಡಿಗ್ರಿ ಸೆಲ್ಸಿಯಸ್ ಉಷ್ಣಮಾನ ದಾಖಲಾಗಿತ್ತು. ಅಂಥ ದಿನ ಹೊರಗಿನ ಗಾಳಿ ಒಳಗಿಗಿಂತ ಬಿಸಿಯಾಗಿರುವಷ್ಟು ಹೊತ್ತು ಕಿಟಕಿಗಳನ್ನು ಮುಚ್ಚಿ, ಕಡಲ ಗಾಳಿ ಬಂದೊಡನೆ ತೆರೆಯುವುದು ಜಾಣತನ. ಮೇಲಂತಸ್ತಿನವರು ಕಟ್ಟಡದವರ ಒಪ್ಪಿಗೆ ಪಡೆದು ತಾರಸಿಗೆ ಬಿಳಿಯ ಸುಣ್ಣ ಬಳಿಸಿದರೆ ಬಿಸಿಲಿನ ಬಹುಭಾಗ ಹಿಂದಿರುಗಿ, ಕೆಳಗಿನ ಕೋಣೆಯ ಕಾವು ಗಮನಿಸುವಷ್ಟು ಇಳಿಯುತ್ತದೆ.

ಈಗ ಲೆಕ್ಕ. 1000 ವ್ಯಾಟಿನ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್ಟು. ಒಂದೂವರೆ ಟನ್ನಿನ ಏಸಿ ಪೂರ್ಣ ಬಲದಿಂದ ನಡೆಯುವಾಗ ಸುಮಾರು 1500 ವ್ಯಾಟು, ಹಳೆಯ ಬಗೆಯ ಫ್ಯಾನು ಸುಮಾರು 75 ವ್ಯಾಟು, ಹೊಸ ಬಿ.ಎಲ್.ಡಿ.ಸಿ. ಫ್ಯಾನು ಸುಮಾರು 30 ವ್ಯಾಟು ಬಳಸುತ್ತವೆ. ಅಂದರೆ ಏಸಿಯ ಒಂದು ಗಂಟೆಯ ವಿದ್ಯುತ್ತಿನಿಂದ ಹಳೆಯ ಫ್ಯಾನು 20 ಗಂಟೆ, ಹೊಸ ಫ್ಯಾನು 50 ಗಂಟೆ ತಿರುಗುತ್ತದೆ. ಫ್ಯಾನು ತಣಿಸುವುದು ಕೋಣೆಯನ್ನಲ್ಲ, ಕೋಣೆಯಲ್ಲಿರುವವರ ಮೈಯನ್ನು. ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನಿನಿಂದ ಯಾರಿಗೂ ಲಾಭವಿಲ್ಲ. ಏಸಿ ಇದ್ದವರು ಅದನ್ನು 18ಕ್ಕೆ ಇಳಿಸದೆ 24 ಅಥವಾ 26ಕ್ಕಿಟ್ಟು ಜೊತೆಗೆ ಫ್ಯಾನನ್ನು ಮೆಲ್ಲಗೆ ಹಾಕಲಿ. ಒಂದೊಂದು ಡಿಗ್ರಿ ಏರಿಸಿದಾಗಲೂ ಸುಮಾರು ಶೇಕಡಾ 6ರಷ್ಟು ವಿದ್ಯುತ್ತು ಉಳಿಯುತ್ತದೆ. ಭಾರತದಲ್ಲಿ 2020ರ ಆರಂಭದಿಂದ ಹೊಸ ಏಸಿಗಳು 24 ಡಿಗ್ರಿಗೇ ಆರಂಭವಾಗಬೇಕೆಂಬ ನಿಯಮ ಬಂದಿದೆ.

ನಮ್ಮ ಬಿಲ್ಲಿನಲ್ಲಿ ಎಲ್ಲ ಯೂನಿಟ್ಟುಗಳಿಗೂ ಒಂದೇ ಬೆಲೆಯಿಲ್ಲ. 100, 300, 500 ಯೂನಿಟ್ಟುಗಳ ಗಡಿ ದಾಟಿದಂತೆ ಮೇಲಿನ ಯೂನಿಟ್ಟುಗಳ ದರ ಏರುತ್ತದೆ. ಆದುದರಿಂದ ನೀವು ಉಳಿಸುವುದು ಯಾವಾಗಲೂ ಅತ್ಯಂತ ದುಬಾರಿಯಾದ ಯೂನಿಟ್ಟನ್ನೇ.

ಆ ನೆರೆಮನೆಯ ಕಥೆ ಇನ್ನೂ ಮುಗಿದಿಲ್ಲ. ಕೂಲರು ಮೂಲೆ ಸೇರಿತು, ಮಲಗುವ ಕೋಣೆಗೆ ಏಸಿ ಬಂದಿತು, ಬಿಲ್ಲು ಏರಿತು. ಮನೆಯವರು ಬಿಲ್ಲಿನ ಮಾತನಾಡುವುದನ್ನು ಕೇಳಿದ ಅಜ್ಜಿ, ಮಧ್ಯಾಹ್ನ ಒಬ್ಬರೇ ಇರುವಾಗ ಯಾರಿಗೂ ಹೇಳದೆ ತಮ್ಮ ಫ್ಯಾನನ್ನು ಆರಿಸತೊಡಗಿದರು. ಒಂದು ದಿನ ಶಾಲೆಯಿಂದ ಬೇಗ ಬಂದ ಮೊಮ್ಮಗ ಅವರು ಗೋಡೆಗೊರಗಿ ನಿತ್ರಾಣರಾಗಿ ಕುಳಿತಿದ್ದುದನ್ನು ಕಂಡ. ಮೈಗೆ ಒದ್ದೆ ಬಟ್ಟೆ ಒತ್ತಿ, ಗಾಳಿ ಬೀಸಿ, ನೀರು ಕುಡಿಸಿದ ಮೇಲೆ ಚೇತರಿಸಿಕೊಂಡರು. “ಏನಜ್ಜಿ, ಫ್ಯಾನು ಯಾಕೆ ಆರಿಸಿದಿರಿ?” ಎಂದು ಅವನು ಕೇಳಿದಾಗ, “ನನ್ನೊಬ್ಬಳಿಗೆ ಯಾಕಪ್ಪಾ ಅಷ್ಟು ಖರ್ಚು?” ಎಂದರು.

ಹುಡುಗ ಅಂದು ರಾತ್ರಿ ಲೆಕ್ಕ ಹಾಕಿದ. 75 ವ್ಯಾಟಿನ ಫ್ಯಾನು ದಿನಕ್ಕೆ 5 ಗಂಟೆಯಂತೆ 30 ದಿನ ತಿರುಗಿದರೆ 11.25 ಯೂನಿಟ್ಟು. ಏಸಿ ಏಳೂವರೆ ಗಂಟೆ ಪೂರ್ಣ ಬಲದಿಂದ ನಡೆದರೂ ಅಷ್ಟೇ. ಅಜ್ಜಿಯ ಒಂದು ತಿಂಗಳ ಮಧ್ಯಾಹ್ನದ ಗಾಳಿ, ಏಸಿಯ ಏಳೂವರೆ ಗಂಟೆಗೆ ಸಮ! ಮರುದಿನದಿಂದ ಆ ಮನೆಯಲ್ಲಿ ಏಸಿ ರಾತ್ರಿ ಒಂದು ಗಂಟೆ ಕಡಿಮೆ ನಡೆಯಿತು. ಅಜ್ಜಿಯ ಫ್ಯಾನು ಹಗಲೆಲ್ಲ ತಿರುಗಿತು.

ಮಿತ್ರರೇ, ಮಿತವ್ಯಯವೆಂದರೆ ಬೇಡವಾದ ಕಡೆ ಹಿಡಿದು ಬೇಕಾದ ಕಡೆ ಕೊಡುವುದು. ವೃದ್ಧರ, ಶಿಶುಗಳ, ರೋಗಿಗಳ ತಂಪನ್ನು ಕಸಿದು ಮಾಡಿದ ಉಳಿತಾಯ ಉಳಿತಾಯವಲ್ಲ. ಸೆಕೆಯಲ್ಲಿ ಯಾರಿಗಾದರೂ ಮೈ ಸುಡುವಂತಾಗಿ ಮಾತು ತೊದಲಿದರೆ ತಡಮಾಡದೆ ಮೈಗೆ ನೀರು ಹಾಕಿ ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಿರಿ. ಈ ರಜೆಯಲ್ಲಿ ಪ್ರತಿ ಸಂಜೆ ಮೀಟರಿನ ಅಂಕಿಯನ್ನು ಒಂದು ವಹಿಯಲ್ಲಿ ಬರೆದಿಡಿರಿ. ಅದರ ಪಕ್ಕದಲ್ಲಿ ಇನ್ನೊಂದು ಸಾಲನ್ನೂ ಬರೆಯಿರಿ: ಇಂದು ಮನೆಯ ಹಿರಿಯರು ಸುಖವಾಗಿ ನಿದ್ರಿಸಿದರೇ? ಎರಡು ಸಾಲುಗಳೂ ಸರಿಯಾಗಿ ಬಂದಾಗ ನಿಮ್ಮ ಲೆಕ್ಕ ಸರಿಯಾಯಿತೆಂದು ತಿಳಿಯಿರಿ.