ನೋಡಿ ನೋಡಿ ಕಲಿತರು

ಅಕ್ಕಂದಿರೇ, ನಾವು ಸಿನಿಮಾ ನೋಡ್ತೀವಿ. ನಗ್ತೀವಿ, ಅಳ್ತೀವಿ. ಮನೆಗೆ ಬಂದು ಮರೀತೀವಿ. ಆದರೆ ಸತ್ಯಜಿತ್ ರಾಯ್ ಮರೆಯಲಿಲ್ಲ.

ರಾಯ್ ಕಲ್ಕತ್ತೆಯವರು. ಜಾಹೀರಾತು ಕಂಪನಿಯಲ್ಲಿ ಚಿತ್ರ ಬರೆಯುತ್ತಿದ್ದರು. 1947ರಲ್ಲಿ ಗೆಳೆಯರ ಜೊತೆ ಚಿತ್ರಸಂಘ ಕಟ್ಟಿದರು. ಒಟ್ಟಿಗೆ ಕೂತು ಸಿನಿಮಾ ನೋಡೋದು, ಆಮೇಲೆ ಮಾತಾಡೋದು. 1950ರಲ್ಲಿ ಕಂಪನಿ ಅವರನ್ನು ಲಂಡನ್ನಿಗೆ ಕಳಿಸಿತು. ಕೆಲಸವೂ ಆಯ್ತು, ಸಿನಿಮಾವೂ ಆಯ್ತು. ಕೆಲವೇ ತಿಂಗಳಲ್ಲಿ ಸುಮಾರು 100 ಸಿನಿಮಾ ನೋಡಿದರು. ಒಂದರಲ್ಲಿ ಸೈಕಲ್ ಕಳವಾದ ಬಡವನ ಕತೆ ಇತ್ತು. ಬಡವರ ಬದುಕೂ ಸಿನಿಮಾ ಆಗುತ್ತೆ ಅಂತ ಧೈರ್ಯ ಬಂತು.

ಊರಿಗೆ ಬಂದು ‘ಪಥೇರ್ ಪಾಂಚಾಲಿ’ ಶುರು ಮಾಡಿದರು. ದುಡ್ಡು ಸಾಲಲಿಲ್ಲ. ಹೆಂಡತಿ ಬಿಜೋಯಾ ಅವರ ಒಡವೆ ಅಡವಿಗೆ ಹೋಯಿತು. 1955ರಲ್ಲಿ ಸಿನಿಮಾ ತೆರೆಗೆ ಬಂತು. ಲೋಕ ಮೆಚ್ಚಿತು.

ನಾವು ನೋಡಿದ ಸಿನಿಮಾದಲ್ಲಿ ಹೆಂಗಸರ ಬದುಕು ಹೇಗಿತ್ತು? ಬನ್ನಿ, ಕೂತು ಮಾತಾಡೋಣ.